ಘಟ್ಟದ ನೆತ್ತಿಯಲ್ಲಿ ಬಂದ ಫೋನು

ನನ್ನ ಬಾಯಿ ದೊಡ್ಡದು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಬದುಕಿದವಳು ನಾನು. ಬಾಯಿ ಸಣ್ಣದಿದ್ದಿದ್ದರೆ ಗಿರಾಕಿಗಳು ಬ್ಲೌಸಿನ ಜೊತೆ ನನ್ನನ್ನೂ ಬಿಚ್ಚಿ ಹೊಲಿಸುತ್ತಿದ್ದರು. ಆದರೆ ಆ ಬೇಸಿಗೆಯ ಶುರುವಿನಲ್ಲಿ ಬಳಸಿದಷ್ಟು ಆ ಬಾಯಿಯನ್ನು ನಾನು ಯಾವತ್ತೂ ಬಳಸಿಲ್ಲ. ಅಷ್ಟು ಹೆದರಿಕೊಂಡು ಬಳಸಿದ್ದಂತೂ ಇಲ್ಲವೇ ಇಲ್ಲ.

ನನ್ನ ಅಂಗಡಿಯಲ್ಲಿ ಹೆಮ್ಮಿಂಗು, ಹುಕ್ಕು ಎಲ್ಲ ನೋಡಿಕೊಳ್ಳುತ್ತಿದ್ದ ಹುಡುಗಿಯ ಮಗುವಿಗೆ ಹೃದಯದಲ್ಲಿ ತೂತು ಇತ್ತು. ಚೊಚ್ಚಲು ಗಂಡುಮಗು. ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಹಾಲು ಕುಡಿಯುತ್ತ ಕುಡಿಯುತ್ತ ನಡುವೆ ಬಿಟ್ಟು ಏದುಸಿರು ತೆಗೆಯುತ್ತಿತ್ತು, ಅತ್ತರೆ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕೆ ಹುಡುಗಿ ಅದನ್ನು ಅಳಲಿಕ್ಕೇ ಬಿಡುತ್ತಿರಲಿಲ್ಲ. ಕುಂಯ್ ಅನ್ನುವ ಮೊದಲೇ ಎತ್ತಿಕೊಂಡು ಅಂಗಡಿಯ ಉದ್ದಕ್ಕೂ ಓಡಾಡುತ್ತಿದ್ದಳು. ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಅವನೂ ಪಾಪದವನು.

ಹುಡುಗಿಯ ತಾಯಿ ಬೇಗಾರಿನವರು. ತಿಂಗಳಿಗೊಮ್ಮೆಯಾದರೂ ಬಸ್ಸಿಳಿದು ನೇರ ಅಂಗಡಿಗೆ ಬಂದು ಚೀಲ ಕೆಳಗಿಟ್ಟು, ಮಗಳನ್ನು ಒಂದು ಸಲ, ಮೊಮ್ಮಗನನ್ನು ಹತ್ತು ಸಲ ನೋಡಿ ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದರು. ಅವರದು ಹವ್ಯಕರ ಮನೆಮಾತು. ನಾನು ನರಸಿಂಹರಾಜಪುರದ ಕಡೆಯ ಲಿಂಗಾಯತರ ಮನೆಯವಳು. ತಾಯಿ ಮಗಳು ಪಟಪಟ ಮಾತಿಗಿಳಿದರೆ ನನಗೆ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ ಮಾರನೆಯ ದಿನ ಹುಡುಗಿ ಅಂಗಡಿಗೆ ಬಂದು ಒಂದು ಲಂಗದ ಅಂಚು ಹಿಡಿದು ಕೂತಳು. ಸೂಜಿಗೆ ದಾರ ಪೋಣಿಸಲಿಕ್ಕೂ ಆಗಲಿಲ್ಲ. ಆಮೇಲೆ ತಲೆ ಎತ್ತದೆ, "ಅವನಿಗೆ ಏನಾದ್ರೂ ಆದ್ರೆ ನಾನೂ ಇರೋದಿಲ್ಲ ಅಕ್ಕ" ಅಂದಳು. ನಾನು ಚೆನ್ನಾಗಿ ಬೈದೆ. ಇನ್ನೊಂದು ಸಲ ಹಾಗೆ ಅಂದರೆ ಕಪಾಳಕ್ಕೆ ಕೊಡುತ್ತೇನೆ ಅಂದೆ. ಬೈದು ಮುಗಿದ ಮೇಲೂ ಆ ಮಾತು ಎದೆಯೊಳಗೆ ಕೂತೇ ಇತ್ತು.

ದುಡ್ಡಿನ ವಿಷಯ ಗಂಡನ ಅಣ್ಣಂದಿರೂ ಸರ್ಕಾರದ ಕಾರ್ಡೂ ಸೇರಿ ಹೇಗೋ ಬಗೆಹರಿಯಿತು. ತೊಡಕಾದದ್ದು ರಕ್ತ. ಮಗುವಿನದು ಓ ನೆಗೆಟಿವ್, ಹುಡುಕಿದರೂ ಸಿಗದ ಗುಂಪು. ಘಟ್ಟದ ಕೆಳಗಿನ ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು: ಆಪರೇಷನ್ ದಿನವೇ ತೆಗೆದ ತಾಜಾ ರಕ್ತ ಬೇಕು, ಕೊಡುವವರು ಮೂವರಾದರೂ ಬೆಳಿಗ್ಗೆ ಹನ್ನೊಂದರ ಒಳಗೆ ಬಂದು ಕೂರಬೇಕು, ಇಲ್ಲದಿದ್ದರೆ ಅವತ್ತಿನ ಸರದಿ ಬೇರೆ ಮಗುವಿಗೆ ಹೋಗುತ್ತದೆ. ಮತ್ತೆ ಸರದಿ ಯಾವಾಗ ಎಂದು ಕೇಳಿದರೆ ಉತ್ತರವಿಲ್ಲ. ಮಗು ಕಾಯುವ ಸ್ಥಿತಿಯಲ್ಲಿಲ್ಲ ಎಂದು ಮಾತ್ರ ಅವರೇ ಹೇಳಿದರು.

ಮೊದಲು ಎಲ್ಲರೂ ಮಾಡುವ ಹಾಗೆ ವಾಟ್ಸಾಪಿನಲ್ಲಿ ಹಾಕಿದೆ. ಒಂದು ಗಂಟೆಯಲ್ಲಿ ಕೈಮುಗಿದ ಚಿತ್ರಗಳು ರಾಶಿ ಬಿದ್ದವು. ದೇವರು ಒಳ್ಳೆಯದು ಮಾಡಲಿ, ಹರಕೆ ಹೊತ್ತಿದ್ದೇವೆ, ಇಂಥ ಕಷಾಯ ಕುಡಿಸಿ ನೋಡಿ. ನಿಮ್ಮ ರಕ್ತದ ಗುಂಪು ಯಾವುದು ಮಾರಾಯ್ರೆ ಎಂದು ಕೇಳಿದರೆ ಮಾತ್ರ ಎಲ್ಲರೂ ಗಪ್‌ಚುಪ್. ನನ್ನ ಮೆಸೇಜು ಕೈಯಿಂದ ಕೈಗೆ ಹೋಗಿ ನರಸಿಂಹರಾಜಪುರ ಮುಟ್ಟುವಷ್ಟರಲ್ಲಿ ರಕ್ತ ಹೋಗಿ ಕಿಡ್ನಿ ಆಗಿತ್ತು. ಅಲ್ಲಿಂದ ಯಾರೋ ಫೋನು ಮಾಡಿ, "ಒಂದು ಕಿಡ್ನಿ ಕೊಟ್ರೆ ಮತ್ತೆ ತೋಟದ ಕೆಲಸ ಮಾಡ್ಬಹುದಾ?" ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯದೆ ಫೋನಿಟ್ಟೆ.

ಇದು ಹೀಗೆ ಆಗುವ ಕೆಲಸವಲ್ಲ ಎಂದುಕೊಂಡು ಮೈಕಿನ ಆಟೋದವನನ್ನು ಹಿಡಿದೆ. ಯಕ್ಷಗಾನಕ್ಕೂ ಸೀರೆ ಮಾರಾಟಕ್ಕೂ ಒಂದೇ ರಾಗದಲ್ಲಿ ಕೂಗುವವನು ಅವನು. ಬಸ್‌ಸ್ಟ್ಯಾಂಡಿನ ಎದುರಿಗೆ ಆಟೋ ನಿಲ್ಲಿಸಿ, "ಬನ್ನಿರಿ, ಬನ್ನಿರಿ, ಮರೆಯದೆ ಬನ್ನಿರಿ" ಎಂದು ಶುರು ಮಾಡಿಯೇ ಬಿಟ್ಟ. ರಕ್ತಕ್ಕೂ ರಿಯಾಯಿತಿ ಕೊಡುತ್ತಾನೇನೋ ಅನ್ನಿಸಿ ಮೈ ಉರಿದುಹೋಯಿತು. ಮೈಕು ಕಿತ್ತುಕೊಂಡು ನಾನೇ ಕೂತೆ. ಕೊಪ್ಪ, ಹರಿಹರಪುರ, ಶೃಂಗೇರಿ ಪೇಟೆ, ಡೈರಿ ಮುಂದೆ, ರೇಷನ್ ಅಂಗಡಿ ಮುಂದೆ, ಸಂತೆಯಲ್ಲಿ. ಹಸುಗೂಸಿಗೆ ರಕ್ತ ಬೇಕು, ಓ ನೆಗೆಟಿವ್ ಇದ್ದವರು ದಮ್ಮಯ್ಯ ಮುಂದೆ ಬನ್ನಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ತಮ್ಮ ಗುಂಪು ಗೊತ್ತಿಲ್ಲದವರು ಲ್ಯಾಬಿನ ಮುಂದೆ ಸಾಲು ನಿಂತರು. ಆ ಸಾಲು ನೋಡಿ ನನಗೆ ಒಳಗೊಳಗೇ ಧೈರ್ಯ ಬಂತು. ಸಾಲು ಮುಗಿದು, ಒಬ್ಬರದೂ ಹೊಂದುವುದಿಲ್ಲ ಎಂದಾಗ ಧೈರ್ಯ ಬಂದಷ್ಟೇ ಬೇಗ ಹೋಯಿತು.

ಕೊನೆಗೆ ಮೆಣಸೆಯ ಅಂಗನವಾಡಿ ಟೀಚರಮ್ಮ ಶೃಂಗೇರಿಯಲ್ಲಿ ಆಟೋದ ಹತ್ತಿರವೇ ಬಂದು, ಹೆರಿಗೆಯ ಹೊತ್ತಿಗೆ ಪರೀಕ್ಷೆ ಮಾಡಿದ್ದರು, ನನ್ನದು ಅದೇ ಎಂದರು. ಕಿಗ್ಗದಿಂದ ಒಬ್ಬ ಭಟ್ಟರು ಫೋನು ಮಾಡಿದರು. ಮೂರನೆಯವನು ನರಸಿಂಹರಾಜಪುರದಲ್ಲಿ ಕಾಳುಮೆಣಸು, ಶುಂಠಿ ವ್ಯಾಪಾರ ಮಾಡುವ ನನ್ನ ಸ್ವಂತ ಅಣ್ಣ. ಸೂಜಿ ಕಂಡರೆ ಬೆವರುವ ಆಸಾಮಿ, ಬೈದು ಬೈದು ಒಪ್ಪಿಸಿದೆ. ನನ್ನದೂ ಅದೇ ಗುಂಪೇ, ಆದರೆ ಹಿಂದೊಮ್ಮೆ ಕೊಡಲಿಕ್ಕೆ ಹೋದಾಗ ಬೆರಳು ಚುಚ್ಚಿ ನೋಡಿ, ನಿಮಗೇ ಸಾಲದು ಎಂದು ವಾಪಸು ಕಳಿಸಿದ್ದರು. ತಿಂದದ್ದೆಲ್ಲ ಬಾಯಿಗೆ ಹೋದರೆ ರಕ್ತಕ್ಕೆ ಏನು ಉಳಿಯುತ್ತದೆ ಎಂದು ಅಣ್ಣನ ವಾದ. ನಾಲ್ಕನೆಯವರು ಎಷ್ಟು ಹುಡುಕಿದರೂ ಸಿಗಲಿಲ್ಲ. ಮೂವರಲ್ಲಿ ಒಬ್ಬರು ತಪ್ಪಿದರೂ ಕೆಲಸ ಕೆಟ್ಟಿತು ಎಂಬ ಲೆಕ್ಕ.

ಹುಡುಗಿ, ಗಂಡ, ತಾಯಿ ಮೊದಲೇ ಮಗುವಿನ ಜೊತೆ ಆಸ್ಪತ್ರೆ ಸೇರಿದ್ದರು; ನಾವು ಬಾಡಿಗೆ ವ್ಯಾನಿನಲ್ಲಿ ಹೊರಟ ದಿನ ಏಕಾದಶಿ. ಶೃಂಗೇರಿಯಲ್ಲಿ ವ್ಯಾನು ಹತ್ತಿದ ಭಟ್ಟರು ಬರೀ ಹೊಟ್ಟೆಯಲ್ಲಿದ್ದರು. ಉಪವಾಸ ಇದ್ದವರ ರಕ್ತ ಅಲ್ಲಿ ಮುಟ್ಟುವುದಿಲ್ಲ ಎಂದು ನಾನು ರೇಗಿದೆ. ಅವರು ಟೀಚರಮ್ಮನ ಡಬ್ಬಿಗೆ ಕೈಚಾಚಿ ಅವಲಕ್ಕಿ ತಿಂದರು. ಮುಂದಿನ ಏಕಾದಶಿಗೆ ನೀರೂ ಕುಡಿಯದೆ ಸರಿ ಮಾಡುತ್ತೇನೆ ಎಂದು ದೇವರಿಗೋ ನನಗೋ ಹೇಳಿದರು. ಬೇಗಾರು ದಾಟಿತು. ನಾನು ಹತ್ತು ನಿಮಿಷಕ್ಕೊಮ್ಮೆ ಡ್ರೈವರನಿಗೆ ಗಂಟೆ ಕೇಳುತ್ತಿದ್ದೆ. ಅವನು ನನ್ನ ಕಾಟ ತಾಳದೆ ಕೈಗಡಿಯಾರ ಬಿಚ್ಚಿ ನನಗೇ ಕೊಟ್ಟ.

ಹುಡುಗಿಯ ಗಂಡನ ಫೋನು ಬೆಳಗಿನಿಂದ ಸ್ವಿಚ್ ಆಫ್. ಹುಡುಗಿಯ ಫೋನು ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮುಂದೆ ಕೂತರೆ ಸಿಗ್ನಲ್ ಸಿಕ್ಕಬಹುದು ಎಂದು ನನ್ನ ಫೋನನ್ನು ಡ್ರೈವರನ ಪಕ್ಕದಲ್ಲಿದ್ದ ಅಣ್ಣನ ಕೈಗೆ ಕೊಟ್ಟಿದ್ದೆ. ಆಗುಂಬೆ ದಾಟಿ ಘಟ್ಟ ಇಳಿಯುವ ಜಾಗ ಇನ್ನೇನು ಬಂತು ಎನ್ನುವಾಗ ಅದು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಅಣ್ಣ ಎತ್ತಿ, ಹಾಂ ಅಮ್ಮ, ಹಾಂ, ಎಂತ ಎಂದ. ಹಲೋ ಹಲೋ ಎಂದು ಕೂಗಿದ. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡುತ್ತ ಕೂತ.

"ಹುಡುಗಿ ತಾಯಿ. ಮಗು ಹೋಯ್ತಂತೆ ಕಣೇ."

ಡ್ರೈವರು ಯಾರೂ ಹೇಳದೆ ವ್ಯಾನನ್ನು ರಸ್ತೆಯ ಪಕ್ಕಕ್ಕೆ ತೆಗೆದು ಇಂಜಿನ್ ಆರಿಸಿದ. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಉಳಿದಿರಲಿಲ್ಲ. ಟೀಚರಮ್ಮ ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. ಅವರು ಆ ಮಗುವಿನ ಮುಖವನ್ನೇ ನೋಡಿರಲಿಲ್ಲ. ಭಟ್ಟರು ಶಿವ ಶಿವಾ ಎಂದು ಎದ್ದು, ಸಾವಿನ ಸುದ್ದಿ ಕೇಳಿದ ಮೇಲೆ ಸ್ನಾನ ಆಗಬೇಕು ಎಂದು ಮೋರಿಯ ಕೆಳಗಿನ ಹಳ್ಳಕ್ಕೆ ಇಳಿದುಹೋದರು. ನಾನು ಅತ್ತೆ. ಎದೆ ಬಡಿದುಕೊಂಡು, ರಸ್ತೆಯಲ್ಲಿ ಹೋಗುವ ಬಸ್ಸಿನವರು ತಲೆ ಹೊರಹಾಕಿ ನೋಡುವ ಹಾಗೆ ಅತ್ತೆ.

ಅಣ್ಣ ಹಿಂದಕ್ಕೆ ಹೋಗೋಣ ಎಂದ. ಬೇಗಾರಿನ ಮನೆಗೆ ಸುದ್ದಿ ಮುಟ್ಟಿಸಬೇಕು, ಅಲ್ಲಿ ನಾಲ್ಕು ಜನ ಸೇರಬೇಕು, ಆಸ್ಪತ್ರೆಯಲ್ಲಿ ಇನ್ನು ನಮ್ಮ ಕೆಲಸ ಎಂತದು ಎಂದ. ಡ್ರೈವರು ವ್ಯಾನಿನ ಮುಖವನ್ನು ಶೃಂಗೇರಿಯ ಕಡೆಗೆ ತಿರುಗಿಸಿಯೂ ಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿಯನ್ನು ಅಲ್ಲಿ ಒಂಟಿ ಬಿಟ್ಟು ಹೋಗುವುದಾ, ಅವರು ವಾಪಸು ಬರಲಿಕ್ಕಾದರೂ ಗಾಡಿ ಬೇಡವಾ ಎಂದು ಜಗಳಕ್ಕೆ ನಿಂತೆ. "ಹೆಣ ತರೋಕೆ ವ್ಯಾನು ಬೇಡ್ವನಾ ನಿಂಗೆ?" ಎಂದು ಕೇಳಿದೆ. ಅಣ್ಣ ಮೆಲ್ಲಗೆ, ಅಷ್ಟು ಸಣ್ಣದನ್ನು ಮಡಿಲಲ್ಲೇ ತರುತ್ತಾರೆ ಮಾರಾಯ್ತಿ ಎಂದ. ಅವನ ಕಣ್ಣಲ್ಲೂ ನೀರು.

ಆದರೂ ಸುಮ್ಮನಿರುವ ಜಾತಿಯೇ ಅಲ್ಲವಲ್ಲ ನಾನು. ಸ್ವಲ್ಪ ಹೊತ್ತಿಗೆ ಅವನನ್ನು ಮತ್ತೆ ಹಿಡಿದುಕೊಂಡೆ. ಹೇಗೆ ಹೋಯಿತಂತೆ, ಎಷ್ಟು ಹೊತ್ತಿಗಂತೆ, ಹುಡುಗಿ ಹೇಗಿದ್ದಾಳಂತೆ? ಗೊತ್ತಿಲ್ಲ ಎಂದ. ತಾಯಿ ಅಳುತ್ತಿದ್ದರಾ ಎಂದೆ. ಅಣ್ಣ ಯೋಚಿಸಿ, ಅಳುತ್ತಿರಲಿಲ್ಲ, ಏನೋ ಗಡಿಬಿಡಿಯಲ್ಲಿದ್ದರು ಎಂದ. ಮೊಮ್ಮಗ ಹೋದವರಿಗೆ ಎಂಥ ಗಡಿಬಿಡಿ? ನನಗೆ ತಲೆ ಕೆಟ್ಟಿತು. ನಿನ್ನ ಮಾತು ಬೇಡ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳು ಎಂದೆ.

"'ಕೂಸು ಹೋತು, ನಿಂಗ ಎಲ್ಲಿದ್ರಿ' ಅಂದ್ರು. ಅಷ್ಟರಲ್ಲಿ ಕಟ್ಟಾಯ್ತು."

ಭಟ್ಟರು ಹಳ್ಳದಿಂದ ಮೇಲೆ ಬರುತ್ತಿದ್ದರು. ಮೈಮೇಲಿಂದ ನೀರು ಸುರಿಯುತ್ತಿತ್ತು, ಪಂಚೆಯ ತುದಿ ಹಿಂಡುತ್ತಿದ್ದ ಕೈ ಹಾಗೇ ನಿಂತಿತು.

"ಕೂಸು ಅಂದ್ರಾ? ಮಾಣಿ ಅನ್ಲಿಲ್ವಾ?"

ಕೂಸು ಅಂತಲೇ ಅಂದದ್ದು ಎಂದು ಅಣ್ಣ. ಮಗು ಗಂಡಲ್ಲವೇ ಎಂದು ಭಟ್ಟರು ನನ್ನನ್ನು ಕೇಳಿದರು. ಹೌದು ಎಂದೆ. ನಮ್ಮ ಹವ್ಯಕರ ಮನೆಗಳಲ್ಲಿ ಗಂಡಾದರೆ ಮಾಣಿ, ಕೂಸು ಅಂದರೆ ಹೆಣ್ಣು, ಎಷ್ಟು ದೊಡ್ಡವಳಾದರೂ ತಾಯಿಗೆ ಮಗಳು ಕೂಸೇ ಎಂದರು ಅವರು. ಅಂಗಡಿಯ ಬಾಗಿಲಲ್ಲಿ ಚೀಲ ಹಿಡಿದು ನಿಂತು, "ಕೂಸು ಎಲ್ಲಿ?" ಎಂದು ಕೇಳುತ್ತಿದ್ದರಲ್ಲ ಆಯಮ್ಮ! ಮಗು ಹುಟ್ಟುವ ಮೊದಲಿನಿಂದಲೂ ಕೇಳುತ್ತಿದ್ದರು. ನಮ್ಮ ಕಡೆ ಕೂಸು ಅಂದರೆ ತೊಟ್ಟಿಲಲ್ಲಿರುವುದು. ಅಣ್ಣ ಕೇಳಿಸಿಕೊಂಡದ್ದನ್ನು ನಮ್ಮ ಕನ್ನಡಕ್ಕೆ ತಿರುಗಿಸಿ ಹೇಳಿದ್ದ. ತಪ್ಪು ಅವನದೂ ಅಲ್ಲ. ನನ್ನ ಕಿವಿಗೆ ಬಿದ್ದಿದ್ದರೆ ನಾನೂ ಹಾಗೇ ತಿರುಗಿಸುತ್ತಿದ್ದೆನೇನೋ.

ಮಗು ಇದೆ ಎಂಬ ಸಂತೋಷ ಒಂದು ಉಸಿರಿನಷ್ಟು ಹೊತ್ತು ಇತ್ತು. ಹಾಗಾದರೆ ಹುಡುಗಿ ಹೋದದ್ದು ಎಲ್ಲಿಗೆ? ನಾನೂ ಇರೋದಿಲ್ಲ ಎಂದಿದ್ದಳಲ್ಲ. ಹೋತು ಅಂದರೆ ಎಂತ ಭಟ್ರೇ, ಸರಿಯಾಗಿ ಹೇಳಿ ಎಂದೆ. ಅವರು ಸುಳ್ಳು ಹೇಳುವವರಲ್ಲ. ಎಲ್ಲಿಗೋ ಹೊರಟುಹೋಗಿದ್ದಕ್ಕೂ ಹಾಗೇ ಅನ್ನುತ್ತೇವೆ, ತೀರಿಹೋದರೂ ಕೆಲವರು ಹಾಗೇ ಅನ್ನುತ್ತಾರೆ ಎಂದರು. ನನ್ನ ಮುಖ ನೋಡಿ, ಎಲ್ಲಿಗೋ ಹೋಗಿರಬೇಕು ಅಕ್ಕಾ ಎಂದು ಸೇರಿಸಿದರು. ಆ 'ಬೇಕು' ನನಗೆ ಸಾಕಾಗಲಿಲ್ಲ.

ಡ್ರೈವರು ವ್ಯಾನನ್ನು ಮತ್ತೆ ತಿರುಗಿಸಿದ. ಘಟ್ಟದ ತಿರುವುಗಳಲ್ಲಿ ನಿಧಾನ ಹೋಗು ಎಂದು ಯಾವಾಗಲೂ ಬೈಯುವ ನಾನು ಅವತ್ತು ಬೇಗ ಹೋಗು ಎಂದು ಬೈದೆ. ಒಂದು ತಿರುವಿನಲ್ಲಿ ಲಾರಿ ಅಡ್ಡ ಬಂದು ಹಿಂದೆ ಮುಂದೆ ಆಗುತ್ತ ನಿಂತಾಗ, ಇಳಿದು ಹೋಗಿ ಲಾರಿಯವನ ಜನ್ಮ ಜಾಲಾಡಿ ಬಂದೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ಸೋಮೇಶ್ವರದಲ್ಲಿ ಸಿಗ್ನಲ್ ಬಂತು. ಆ ಗೊತ್ತಿಲ್ಲದ ನಂಬರಿಗೆ ತಿರುಗಿ ಮಾಡಿದೆ. ಯಾರೋ ಗಂಡಸು ಎತ್ತಿದ. ಆಸ್ಪತ್ರೆಯಲ್ಲಿ ಒಬ್ಬರು ಅಮ್ಮ ಕೇಳಿದರು, ಫೋನು ಕೊಟ್ಟೆ, ಈಗ ನಾನು ಬಸ್ಸಿನಲ್ಲಿದ್ದೇನೆ, ಅವರು ಯಾರೋ ಏನೋ ಗೊತ್ತಿಲ್ಲ ಎಂದ. ಅವರು ಅಳುತ್ತಿದ್ದರಾ ಎಂದು ಅವನನ್ನೂ ಕೇಳಿದೆ. ಗಮನಿಸಲಿಲ್ಲ ಎಂದ.

ಭಟ್ಟರ ಒದ್ದೆ ಪಂಚೆಯಿಂದ ಸೀಟು ನೆಂದಿತ್ತು. ಟೀಚರಮ್ಮ ನನ್ನ ಕೈ ಹಿಡಿದುಕೊಂಡಿದ್ದರು, ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಹನ್ನೊಂದು ಹತ್ತಿರ ಬರುತ್ತಿತ್ತು. ನಾವು ಘಟ್ಟದ ಮೇಲೆ ಅತ್ತುಕೊಂಡು ನಿಂತಷ್ಟು ಹೊತ್ತೂ ಆ ಮಗುವಿನ ಹೊತ್ತೇ ಎಂಬ ಯೋಚನೆ ಬಂತು.

ಆಸ್ಪತ್ರೆಯ ಗೇಟಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಅಣ್ಣ ಡ್ಯಾಶ್‌ಬೋರ್ಡ್ ಬಡಿದು ನಿಲ್ಲಿಸು ಎಂದ. ರಸ್ತೆಯ ಅಂಚಿನಲ್ಲಿ, ಉರಿಬಿಸಿಲಿನಲ್ಲಿ, ಹಣೆಗೆ ಕೈ ಅಡ್ಡ ಹಿಡಿದು ಹುಡುಗಿ ನಿಂತಿದ್ದಳು. ಬರುವ ಒಂದೊಂದು ವ್ಯಾನಿನೊಳಗೂ ಬಗ್ಗಿ ನೋಡುತ್ತಿದ್ದಳು. ಚಪ್ಪಲಿಯೂ ಇರಲಿಲ್ಲ. ಮಗುವನ್ನು ಗಂಡನ ಕೈಗೆ ಕೊಟ್ಟು, ನಮ್ಮನ್ನು ನೋಡಿಕೊಂಡು ಬರುತ್ತೇನೆಂದು ಯಾರ ಮಾತೂ ಕೇಳದೆ ಗೇಟಿಗೆ ಓಡಿದ್ದಳಂತೆ. ತಾಯಿ ಫೋನಿನಲ್ಲಿ ಹೇಳಿದ್ದು ಅಷ್ಟೇ. ಮಗಳು ರಸ್ತೆಗೆ ಹೋದಳು, ನೀವು ಎಲ್ಲಿದ್ದೀರಿ?

ಇಳಿದು ಅವಳ ಎರಡೂ ತೋಳು ಹಿಡಿದೆ. ಬೈಯಬೇಕೆಂದು ಬಾಯಿ ತೆರೆದರೆ ಬೈಗಳೇ ಬರಲಿಲ್ಲ.

"ಎಷ್ಟೊತ್ತಿಂದ ಕಾಯ್ತಿದ್ದೆ ಅಕ್ಕ. ಯಾಕೆ ಲೇಟಾಯ್ತು?"

ಟಯರು ಪಂಚರಾಯಿತು ಎಂದೆ. ಒಬ್ಬರೂ ನನ್ನ ಮುಖ ನೋಡಲಿಲ್ಲ. ಭಟ್ಟರ ಒದ್ದೆ ಪಂಚೆ ಕಂಡರೂ ಅವಳಿಗೆ ಅದನ್ನು ಕೇಳುವಷ್ಟು ವ್ಯವಧಾನವಿರಲಿಲ್ಲ. ಟೀಚರಮ್ಮನ ಕೈ ಹಿಡಿದು ಎಳೆದುಕೊಂಡೇ ಓಡಿದಳು.

ಹನ್ನೊಂದು ದಾಟಿತ್ತು. ಕಿಟಕಿಯಲ್ಲಿದ್ದ ಸಿಸ್ಟರು ಗಡಿಯಾರ ನೋಡಿದರು, ನಮ್ಮನ್ನು ನೋಡಿದರು, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು ಬನ್ನಿ ಎಂದರು. ಚಳಿ ಹಿಡಿದಿದ್ದ ಭಟ್ಟರಿಗೆ ಮೊದಲು ಬಿಸಿ ಹಾಲು ಕುಡಿಸಿ, ಯಾರದೋ ಒಣ ಪಂಚೆ ಉಡಿಸಿ ಮಲಗಿಸಿದರು. ಅಣ್ಣ ಕಣ್ಣು ಮುಚ್ಚಿಕೊಂಡು ತೋಳು ಚಾಚಿದ. ಸೂಜಿ ಹೊರಬಂದು ಎಷ್ಟೋ ಹೊತ್ತಾದ ಮೇಲೂ ಕಣ್ಣು ಬಿಟ್ಟಿರಲಿಲ್ಲ. ಮೂವರದೂ ಸರಿಹೊಂದಿತು. ಮಧ್ಯಾಹ್ನ ಮಗುವನ್ನು ಒಳಗೆ ಕರೆದುಕೊಂಡು ಹೋದರು. ಬೆಳಗಿನಿಂದ ಹಾಲಿಲ್ಲದೆ ಅತ್ತು ಅತ್ತು ಸುಸ್ತಾಗಿ, ಅದು ತುಟಿ ಚೀಪುತ್ತ ಮಲಗಿತ್ತು.

ಆಮೇಲೆ ಕಾಯುವುದು. ಹುಡುಗಿಯೂ ಗಂಡನೂ ಮೇಲಿನ ಮಹಡಿಯಲ್ಲಿ ಆ ಬಾಗಿಲಿನ ಮುಂದೆ, ತಾಯಿ ಅವರ ಜೊತೆ. ನಾವು, ಡ್ರೈವರೂ ಸೇರಿ, ಕೆಳಗೆ ಬೆಂಚಿನ ಮೇಲೆ. ಘಟ್ಟದ ಮೇಲೆ ನಡೆದದ್ದನ್ನು ಇವರಿಗೆ ಯಾವತ್ತೂ ಹೇಳುವುದು ಬೇಡ ಎಂದು ಅಣ್ಣ ಮೆಲ್ಲಗೆ ಅಂದ. ಸತ್ತ ಸುಳ್ಳು ಸುದ್ದಿ ಹುಟ್ಟಿದರೆ ಆಯುಷ್ಯ ಹೆಚ್ಚು ಅನ್ನುತ್ತಾರಲ್ಲ ಎಂದು ಟೀಚರಮ್ಮ. ಇದ್ದ ಮಗುವಿಗೆ ಸಾವಿನ ಸ್ನಾನ ಮಾಡಿಬಿಟ್ಟೆನಲ್ಲ ಎಂಬುದು ಭಟ್ಟರನ್ನು ಕೊರೆಯುತ್ತಿತ್ತು ಎಂದು ಕಾಣುತ್ತದೆ. ಜಪದ ಹಾಗೆ ತುಟಿ ಆಡುತ್ತಲೇ ಇತ್ತು. ನಾನು ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಸಂಜೆಯ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿರುವಾಗ ಹುಡುಗಿಯ ತಾಯಿ ಮೆಟ್ಟಿಲಿಳಿದು ಬಂದರು. ಲಿಫ್ಟಿಗೆ ಕಾಯಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಿಂತು, ಉಸಿರು ಸಾಲದೆ, ಎರಡೇ ಮಾತು ಹೇಳಿದರು.

"ಮಾಣಿ ಬಂದ."

ಯಾರೂ ಅಲುಗಾಡಲಿಲ್ಲ. ಆಯಮ್ಮನಿಗೆ ನಮ್ಮ ಅವಸ್ಥೆ ಅರ್ಥವಾಗಲಿಲ್ಲ; ನಾಲ್ಕು ಜನ ಕಲ್ಲಿನ ಹಾಗೆ ಕೂತು ಭಟ್ಟರ ಬಾಯನ್ನೇ ನೋಡುತ್ತಿದ್ದೆವು. ಅಣ್ಣನೇ ಮೊದಲು ಕೇಳಿದ.

"ಭಟ್ರೇ, ಬಂದ ಅಂದ್ರೆ ಬಂದ ಅಂತಲೇ ಅಲ್ವಾ?"

ಭಟ್ಟರು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

"ಬಂದ ಅಂದ್ರೆ ಬಂದ ಮಾರಾಯ್ರೆ."